ಹಕ್ಕಳೆ ಏಳುತ್ತಿರುವ ಇಟ್ಟಿಗೆ ಚಿಮಣಿ: ಸಿಮೆಂಟ್ ಬಳಿಸುವ ಮೊದಲು

ಪ್ರಶ್ನೆ: ನಾವಿರುವ ಕಡೆ ವರ್ಷಕ್ಕೆ ನಾಲ್ಕೈದು ತಿಂಗಳು ಹಿಮ. ಮನೆಯ ಹೊರಗೋಡೆಗೆ ಅಂಟಿಕೊಂಡು ಎದ್ದಿರುವ ಇಟ್ಟಿಗೆ ಚಿಮಣಿಗೆ ಸೌದೆ ಉರಿಸುವ ಕಬ್ಬಿಣದ ಒಲೆ ಜೋಡಿಸಿದ್ದೇವೆ. ಎರಡು ಚಳಿಗಾಲದಿಂದ, ಮಾಡಿನ ಮೇಲಿನ ಭಾಗದಲ್ಲಿ ಇಟ್ಟಿಗೆಗಳ ಮುಖ ಹಕ್ಕಳೆ ಎದ್ದು ಉದುರುತ್ತಿದೆ. ಅಲ್ಲಲ್ಲಿ ಬಿಳಿ ಉಪ್ಪು ಕಾಣುತ್ತದೆ. ಮೇಲಂತಸ್ತಿನಲ್ಲಿ ಚಿಮಣಿ ಪಕ್ಕದ ಚಾವಣಿ ಒದ್ದೆಯಾಗುತ್ತದೆ, ಮಳೆ ಇಲ್ಲದ ದಿನವೂ ಒಮ್ಮೊಮ್ಮೆ. ಬುಡದ ಮಸಿ ಬಾಗಿಲು ತೆಗೆದಾಗ ಕೆಂಪು ಮಣ್ಣಿನ ಚೂರುಗಳು ಸಿಕ್ಕವು. ಮೇಸ್ತ್ರಿ ನೋಡಿ, "ಪೂರ್ತಿ ಸಿಮೆಂಟ್ ಪ್ಲಾಸ್ಟರ್ ಮಾಡಿ ಮೇಲೆ ವಾಟರ್‌ಪ್ರೂಫ್ ಪೇಂಟ್ ಹೊಡೆದುಬಿಡೋಣ, ಆಮೇಲೆ ತಿರುಗಿ ನೋಡಬೇಕಿಲ್ಲ" ಅಂದರು. ಮಾಡಿಸಬಹುದೇ? ಹಿಮ ಬೀಳಲು ಇನ್ನು ಒಂದೂವರೆ ತಿಂಗಳಿದೆ. ಅಲ್ಲಿಯವರೆಗೆ ಒಲೆ ಹಚ್ಚಬಹುದೇ?

ಉತ್ತರ: ಪ್ಲಾಸ್ಟರ್ ಬೇಡ, ಪೇಂಟ್ ಅಂತೂ ಬೇಡವೇ ಬೇಡ. ಕಾರಣ ಮುಂದೆ ಬರುತ್ತದೆ. ಅದಕ್ಕಿಂತ ತುರ್ತಿನ ಸಂಗತಿ ನಿಮ್ಮ ಪ್ರಶ್ನೆಯ ನಡುವೆ ಸಣ್ಣದಾಗಿ ಬಂದುಹೋಗಿದೆ: ಮಸಿ ಬಾಗಿಲಲ್ಲಿ ಸಿಕ್ಕ ಕೆಂಪು ಚೂರುಗಳು. ಹೊರಗೆ ಇಟ್ಟಿಗೆಯ ಮುಖ ಉದುರುವುದು ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಆದರೆ ಕೆಳಗೆ ಯಾರೂ ಓಡಾಡದಂತೆ ನೋಡಿಕೊಂಡರೆ ಅದು ಕೆಲವು ತಿಂಗಳು ಕಾಯಬಲ್ಲದು. ಒಳಗಿನ ಚೂರುಗಳ ವಿಷಯ ಹಾಗಲ್ಲ. ಕ್ಯಾಮೆರಾ ಇಳಿಸಿ ಒಳಗೆ ನೋಡುವ ತನಕ ಒಲೆ ಹಚ್ಚಬೇಡಿ.

ಇಟ್ಟಿಗೆ ಚಿಮಣಿಯ ಒಳಗೆ ಸಾಮಾನ್ಯವಾಗಿ ಸುಟ್ಟ ಮಣ್ಣಿನ ಕೊಳವೆ, ಅಂದರೆ ಲೈನರ್ ಇರುತ್ತದೆ. ಸುಮಾರು ಎರಡಡಿ ಉದ್ದ, 16 ಮಿ.ಮೀ. ದಪ್ಪದ ತುಂಡುಗಳನ್ನು ಒಂದರ ಮೇಲೊಂದು ಕೂರಿಸಿ, ಸಂದಿಗೆ ಗಾರೆ ಹಾಕಿರುತ್ತಾರೆ. ಬಿಸಿ, ಕಿಡಿ, ಕಾರ್ಬನ್ ಮೊನಾಕ್ಸೈಡ್ ಇವನ್ನೆಲ್ಲ ಮನೆಯ ಮರಮುಟ್ಟಿನಿಂದ ದೂರ ಇಡುವುದು ಈ ಕೊಳವೆಯೇ ಹೊರತು ಹೊರಗಿನ ಇಟ್ಟಿಗೆ ಅಲ್ಲ. ಸಿಕ್ಕ ಚೂರನ್ನು ಬೆಳಕಿಗೆ ಹಿಡಿದು ನೋಡಿ. ತೆಳ್ಳಗಿದ್ದು, ಒಂದು ಬದಿ ನುಣುಪಾಗಿ ಮಸಿ ಹಿಡಿದು, ಇನ್ನೊಂದು ಬದಿ ಈಗಷ್ಟೇ ಒಡೆದ ಹಾಗೆ ಕೆಂಪಾಗಿದ್ದರೆ ಅದು ಲೈನರ್‌ನ ಒಳಮೈಯಿಂದ ಪದರ ಎದ್ದು ಬಂದದ್ದು. ದಪ್ಪನೆಯ, ಮೂಲೆ ಇರುವ ತುಂಡಾದರೆ ಲೈನರ್‌ನ ಅಂಚೇ ಒಡೆದಿದೆ. ಚೂರಿನ ಜೊತೆ ಮರಳು, ಪುಡಿಗಾರೆಯೂ ಬಿದ್ದಿದ್ದರೆ ತುಂಡುಗಳ ನಡುವಿನ ಸಂದು ಖಾಲಿಯಾಗುತ್ತಿದೆ ಎಂದರ್ಥ. ಇವುಗಳಲ್ಲಿ ಯಾವುದೇ ಆದರೂ ಹೊಗೆ ತನ್ನ ದಾರಿ ಬಿಟ್ಟು ಇಟ್ಟಿಗೆಯ ಕಡೆ, ಅಲ್ಲಿಂದ ಮನೆಯೊಳಗಿನ ಕಡೆ ಹರಿಯಬಹುದು.

ಅಮೆರಿಕದ ಎನ್‌ಎಫ್‌ಪಿಎ 211 ಮಾನದಂಡ ಚಿಮಣಿ ತಪಾಸಣೆಯನ್ನು ಮೂರು ಹಂತ ಮಾಡಿದೆ. ವರ್ಷಕ್ಕೊಮ್ಮೆ ಕಣ್ಣಿಗೆ ಎಟಕುವಷ್ಟನ್ನು ನೋಡುವುದು ಮೊದಲನೆಯದು. ಕೊಳವೆಯ ಒಳಮೈಯನ್ನು ಕ್ಯಾಮೆರಾದಿಂದ ಪೂರ್ತಿ ನೋಡುವುದು, ಜೊತೆಗೆ ಅಟ್ಟ ಮತ್ತು ನೆಲದಡಿಯಲ್ಲಿ ಚಿಮಣಿ ಹಾದುಹೋಗುವ ಜಾಗ ಪರೀಕ್ಷಿಸುವುದು ಎರಡನೆಯದು. ಗೋಡೆ ಒಡೆದೇ ನೋಡಬೇಕಾದದ್ದು ಮೂರನೆಯದು. ನಿಮಗೆ ಬೇಕಿರುವುದು ಎರಡನೆಯದು. ಕ್ಯಾಮೆರಾಕ್ಕೆ ಮುಂಚೆ ಬ್ರಷ್ ಹಾಕಿ ಮಸಿ ತೆಗೆಸಿರಬೇಕು, ಮಸಿಯಡಿಯ ಸೀಳು ಯಾವ ಕ್ಯಾಮೆರಾಕ್ಕೂ ಕಾಣುವುದಿಲ್ಲ. ವಿಡಿಯೊ ಕೇಳಿ ಇಟ್ಟುಕೊಳ್ಳಿ. ಯಾವ ಸೀಳು ಮೇಲಿನಿಂದ ಎಷ್ಟು ಅಡಿಯಲ್ಲಿದೆ ಎಂದು ಬರೆಸಿಕೊಳ್ಳಿ. ಉದ್ದುದ್ದ ಸೀಳಿದ್ದರೆ ಒಮ್ಮೆಲೇ ತಾಗಿದ ಬಿಸಿ ಕಾರಣ, ಸಾಮಾನ್ಯವಾಗಿ ಚಿಮಣಿಯೊಳಗೆ ಹೊತ್ತಿದ ಬೆಂಕಿ. ಅಂಥ ಬೆಂಕಿ 1000 ಡಿಗ್ರಿ ಸೆಲ್ಸಿಯಸ್ ದಾಟಬಹುದು, ಆದರೂ ಎಲ್ಲ ಸಲವೂ ಭೋರೆಂದು ಸದ್ದು ಮಾಡುವುದಿಲ್ಲ. ಗಾಳಿ ಕಡಿಮೆ ಇದ್ದರೆ ಮನೆಯವರಿಗೆ ತಿಳಿಯದೆಯೇ ಉರಿದು ಆರಿರುತ್ತದೆ. ಒಳಗೆ ಉಬ್ಬಿದ, ತೂತುತೂತಾದ ಹಗುರ ಕರಿ ಸಿಕ್ಕರೆ ಅದು ಉರಿದ ಕ್ರಿಯೋಸೋಟ್, ಅಂದರೆ ಹೊಗೆ ತಣಿದು ಕೊಳವೆಗೆ ಅಂಟುವ ಡಾಂಬರಿನಂಥ ಮಸಿ. ಸೀಳಿಲ್ಲದೆ ಬರೀ ಪದರ ಏಳುತ್ತಿದ್ದರೆ ಕಾರಣ ನೀರು. ನೀವು ಕೊಟ್ಟ ಉಳಿದ ಲಕ್ಷಣಗಳೂ ನೀರಿನ ಕಡೆಗೇ ಬೊಟ್ಟು ಮಾಡುತ್ತಿವೆ.

ಪ್ಲಾಸ್ಟರ್ ಯಾಕೆ ಕೆಲಸ ಕೆಡಿಸುತ್ತದೆ

ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಇಟ್ಟಿಗೆಯ ಸಣ್ಣ ರಂಧ್ರಗಳಲ್ಲಿ ಒಂದಿಷ್ಟು ಜಾಗ ಖಾಲಿ ಇದ್ದರೆ ಹಿಗ್ಗಿದ್ದು ಅಲ್ಲಿಗೆ ಸರಿದುಕೊಳ್ಳುತ್ತದೆ, ಇಟ್ಟಿಗೆಗೆ ಏನೂ ಆಗುವುದಿಲ್ಲ. ರಂಧ್ರ ತುಂಬ ನೀರಿದ್ದರೆ ಒಳಗಿನಿಂದ ಒತ್ತಿ ಮುಖವನ್ನೇ ಕಳಚಿ ಹಾಕುತ್ತದೆ. ಅಂದರೆ ಚಳಿಯೊಂದೇ ಇಟ್ಟಿಗೆ ಒಡೆಯುವುದಿಲ್ಲ, ಒದ್ದೆ ಇಟ್ಟಿಗೆಗೆ ಚಳಿ ತಾಗಬೇಕು. ತಿಂಗಳುಗಟ್ಟಲೆ ಸೊನ್ನೆಯ ಕೆಳಗೇ ನಿಂತ ಒಣ ಚಳಿಗಿಂತ, ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ವಾರಗಳೇ ಹೆಚ್ಚು ಹಾಳು ಮಾಡುತ್ತವೆ. ಮಾಡಿನ ಮೇಲಿನ ಭಾಗಕ್ಕೆ ನಾಲ್ಕೂ ಕಡೆ ಮಳೆ ಗಾಳಿ, ತಲೆಯ ಮೇಲೆ ಹಿಮ, ಮನೆಯ ಬಿಸಿ ತಾಗುವುದಿಲ್ಲ. ಮೊದಲು ಕೆಡುವುದು ಅದೇ.

ಪ್ಲಾಸ್ಟರ್ ಹೊರಗಿನ ಮಳೆ ತಡೆಯುತ್ತದಲ್ಲ ಎನ್ನಬಹುದು. ಇಟ್ಟಿಗೆಗೆ ನೀರು ಹೊರಗಿನಿಂದ ಮಾತ್ರ ಬರುವುದಿಲ್ಲ. ಚೆನ್ನಾಗಿ ಒಣಗಿದ ಸೌದೆಯೂ ಒಂದು ಕಿಲೋ ಉರಿದರೆ ಅರ್ಧ ಕಿಲೋಗಿಂತ ಹೆಚ್ಚು ನೀರಾವಿ ಬಿಡುತ್ತದೆ; ಇದರಲ್ಲಿ ಹೆಚ್ಚಿನದು ಸೌದೆಯೊಳಗಿನ ಹೈಡ್ರೋಜನ್ ಉರಿದು ಹುಟ್ಟುವ ನೀರು. ಬಿರುಕುಬಿಟ್ಟ ಲೈನರ್ ಮೂಲಕ ಆ ಆವಿ ತಣ್ಣನೆಯ ಇಟ್ಟಿಗೆಗೆ ತಾಗಿ ನೀರಾಗುತ್ತದೆ. ಚಿಮಣಿಯ ತಲೆ ಮುಚ್ಚುವ ಹಲಗೆ, ಅಂದರೆ ಕ್ರೌನ್, ಒಡೆದಿದ್ದರೆ ಅಲ್ಲಿಂದಲೂ ನೀರು ಇಳಿಯುತ್ತದೆ. ಈ ನೀರು ಹೊರಗೆ ಹೋಗಲು ಇರುವ ದಾರಿ ಒಂದೇ, ಇಟ್ಟಿಗೆ ಮತ್ತು ಗಾರೆಯ ಮೈಯಿಂದ ಆರುವುದು. ಗಟ್ಟಿ ಸಿಮೆಂಟ್ ಪ್ಲಾಸ್ಟರ್, ಮೇಲೆ ಪೊರೆ ಕಟ್ಟುವ ಪೇಂಟ್ ಬಂದರೆ ಆ ದಾರಿ ಮುಚ್ಚಿತು. ಚಿಮಣಿ ಬಿಸಿಯಾಗಿ ಹಿಗ್ಗಿ, ತಣಿದು ಕುಗ್ಗಿ, ಪ್ಲಾಸ್ಟರ್ ಕೂದಲೆಳೆಯಷ್ಟು ಸೀಳುತ್ತದೆ. ಮಳೆ ಆ ಸೀಳಿನಿಂದ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಎರಡು ಮೂರು ಚಳಿಗಾಲದ ನಂತರ ಪ್ಲಾಸ್ಟರ್ ಹಲಗೆ ಹಲಗೆಯಾಗಿ ಬೀಳುವಾಗ ಇಟ್ಟಿಗೆಯ ಮುಖವನ್ನೂ ಎಳೆದುಕೊಂಡೇ ಬೀಳುತ್ತದೆ. ಇವತ್ತು ಒಂದಷ್ಟು ಇಟ್ಟಿಗೆ ಬದಲಿಸಿ ಮುಗಿಯಬಹುದಾದ ಕೆಲಸ ಆಗ ಪೂರ್ತಿ ಕೆಡವಿ ಕಟ್ಟುವ ಕೆಲಸವಾಗುತ್ತದೆ.

ನೀರು ಎಲ್ಲಿಂದ ಎಂದು ಪತ್ತೆ ಮಾಡುವುದು

ಬಿಳಿ ಉಪ್ಪು ಎಲ್ಲಿದೆಯೋ ಅಲ್ಲಿ ನೀರು ಆರುತ್ತಿದೆ. ಆ ಕಲೆ ನಿಮಗೆ ನಕ್ಷೆ ಇದ್ದ ಹಾಗೆ, ಉಜ್ಜಿ ತೆಗೆಯುವ ಮುನ್ನ ಫೋಟೊ ತೆಗೆದಿಡಿ. ತುದಿಯ ನಾಲ್ಕೈದು ವರಸೆಗಳಲ್ಲಿ ಮಾತ್ರ ಇದ್ದರೆ ಕ್ರೌನ್ ಸೋರುತ್ತಿದೆ. ಮಾಡು ಸೇರುವ ಜಾಗದಲ್ಲಿ ದಟ್ಟವಾಗಿದ್ದರೆ ಹಿಮದ ರಾಶಿ ಅಥವಾ ಮಾಡು-ಚಿಮಣಿ ಸೇರುವ ಸಂದಿಗೆ ಹೊದಿಸಿದ ಫ್ಲ್ಯಾಶಿಂಗ್ ತಗಡು ಕಾರಣ. ಬುಡದಿಂದ ತುದಿಯವರೆಗೆ ಹರಡಿ, ಮಳೆ ಬೀಳದ ಬದಿಯಲ್ಲೂ ಇದ್ದರೆ ಒಳಗಿನ ಆವಿ.

ಚಾವಣಿಯ ಒದ್ದೆಗೆ ಒಂದು ಚೀಟಿ ಇಡಿ: ಯಾವ ದಿನ ಒದ್ದೆ, ಆ ದಿನ ಮಳೆಯೇ, ಗಾಳಿ ಯಾವ ಕಡೆಯದು, ಹಿಮ ಕರಗುತ್ತಿತ್ತೇ, ಒಲೆ ಎಷ್ಟು ಹೊತ್ತು ಉರಿದಿತ್ತು. ಗಾಳಿಮಳೆಗೆ ಮಾತ್ರ ಒದ್ದೆಯಾದರೆ ಇಟ್ಟಿಗೆ ಮುಖ ಅಥವಾ ಸಂದು. ಬಿಸಿಲು ಬಂದು ಹಿಮ ಕರಗಿದ ಮಧ್ಯಾಹ್ನ ಒದ್ದೆಯಾದರೆ ಚಿಮಣಿಯ ಹಿಂದೆ ಮಾಡಿನ ಮೇಲೆ ನಿಂತ ಹಿಮದ ನೀರು. ಕೊರೆಯುವ ಚಳಿಯಲ್ಲಿ, ಒಲೆ ಸಣ್ಣಗೆ ರಾತ್ರಿಯಿಡೀ ಹೊಗೆಯಾಡಿದ ಮರುದಿನ ಒದ್ದೆಯಾದರೆ ಒಳಗಿನ ಆವಿ. ಈ ಒದ್ದೆ ಕಂದು ಬಣ್ಣಕ್ಕಿದ್ದು ಹೊಗೆ ವಾಸನೆ ಹೊಡೆಯುತ್ತದೆ. ಮಳೆ ಇಲ್ಲದ ದಿನವೂ ಎಂದು ಬರೆದಿದ್ದೀರಿ, ಕೊನೆಯ ಎರಡರಲ್ಲಿ ಒಂದು ಇರಲೇಬೇಕು.

ಮಳೆಯ ಭಾಗವನ್ನು ಪತ್ತೆ ಮಾಡಲು ಪೈಪ್ ಪರೀಕ್ಷೆ ಸಾಕು. ಒಣ ದಿನ, ಸೊನ್ನೆಗಿಂತ ಸಾಕಷ್ಟು ಮೇಲಿರುವಾಗ, ಒಬ್ಬರು ಒಳಗೆ ಟಾರ್ಚ್ ಹಿಡಿದು ನಿಲ್ಲಬೇಕು. ನೀರನ್ನು ರಭಸವಾಗಿ ಹೊಡೆಯದೆ ಮಳೆಯಂತೆ ಇಳಿಸಿ, ಕೆಳಗಿನಿಂದ ಮೇಲಕ್ಕೆ ಹೋಗಬೇಕು: ಮೊದಲು ತಗಡಿನ ಕೆಳಬದಿ, ಆಮೇಲೆ ಪಕ್ಕಗಳು, ಹಿಂಬದಿ, ಇಟ್ಟಿಗೆ ಮುಖ, ಕೊನೆಗೆ ಕ್ರೌನ್. ಒಂದೊಂದು ಜಾಗಕ್ಕೆ 15 ನಿಮಿಷ. ಮೇಲಿನಿಂದ ಶುರು ಮಾಡಿದರೆ ಎಲ್ಲವೂ ಒಟ್ಟಿಗೆ ನೆನೆದು ಪರೀಕ್ಷೆ ವ್ಯರ್ಥ. ಮಾಡು ಹತ್ತುವ ಕೆಲಸ ಮಾತ್ರ ಅಟ್ಟಣಿಗೆ, ಸುರಕ್ಷಾ ಹಗ್ಗ ಇರುವವರಿಗೇ ಬಿಡಿ. ನೆಲದಿಂದ ದುರ್ಬೀನಿನಲ್ಲಿ ನೋಡಿದರೂ ಬಹಳಷ್ಟು ತಿಳಿಯುತ್ತದೆ.

ಕ್ರೌನ್, ಕ್ಯಾಪ್, ತಗಡು

ಚಿಮಣಿಯ ತಲೆಯ ಮೇಲಿನ ಇಳಿಜಾರು ಹಲಗೆಯೇ ಕ್ರೌನ್. ಹಳೆಯ ಚಿಮಣಿಗಳಲ್ಲಿ ಉಳಿದ ಗಾರೆಯನ್ನೇ ಮೇಲೆ ಬಳಿದು ಮುಗಿಸಿರುತ್ತಾರೆ. ಅದು ಅಂಚಿನಲ್ಲಿ ಬೆರಳ ದಪ್ಪವೂ ಇರುವುದಿಲ್ಲ, ಇಟ್ಟಿಗೆಯಿಂದ ಹೊರಗೆ ಚಾಚಿರುವುದಿಲ್ಲ, ಕೆಲವೇ ವರ್ಷಗಳಲ್ಲಿ ಸೀಳುತ್ತದೆ. ನಿಮ್ಮ ಚಿಮಣಿಯ ಮುಕ್ಕಾಲು ಸಮಸ್ಯೆ ಅಲ್ಲೇ ಇದ್ದರೆ ನಮಗೆ ಆಶ್ಚರ್ಯವಿಲ್ಲ.

ಸರಿಯಾದ ಕ್ರೌನ್ ಕಾಂಕ್ರೀಟಿನದು, ಗಾರೆಯದಲ್ಲ. ಅಂಚಿನಲ್ಲಿ ಕನಿಷ್ಠ 50 ಮಿ.ಮೀ. ದಪ್ಪ, ಮಧ್ಯದಿಂದ ಹೊರಕ್ಕೆ ಇಳಿಜಾರು, ಇಟ್ಟಿಗೆಯ ಮುಖದಿಂದ 50ರಿಂದ 65 ಮಿ.ಮೀ. ಹೊರಚಾಚು. ಚಾಚಿನ ತಳದಲ್ಲಿ ಉದ್ದಕ್ಕೂ ಒಂದು ಗೀರು ಬಿಡಬೇಕು. ಇಲ್ಲವಾದರೆ ನೀರು ಚಾಚಿನ ತಳಕ್ಕೆ ಅಂಟಿಕೊಂಡು ವಾಪಸ್ಸು ಇಟ್ಟಿಗೆಗೇ ಹರಿಯುತ್ತದೆ. ಅಚ್ಚು ಕಟ್ಟುವಾಗ ತಳದಲ್ಲಿ ತೆಳು ಹಗ್ಗ ಅಥವಾ ಕೊಳವೆ ಇಟ್ಟು, ಆಮೇಲೆ ಎಳೆದು ತೆಗೆದರೆ ಗೀರು ಸಿದ್ಧ. ಕಾಂಕ್ರೀಟಿಗೆ ಗಾಳಿಗುಳ್ಳೆ ಹಿಡಿಸುವ ಮಿಶ್ರಣ ಬೇಕು, ಹೆಪ್ಪುಗಟ್ಟಿದ ನೀರಿಗೆ ಹಿಗ್ಗಲು ಜಾಗ ಕೊಡುವುದು ಆ ಗುಳ್ಳೆಗಳೇ. ಕ್ರೌನ್ ಮತ್ತು ಇಟ್ಟಿಗೆ ಒಂದಕ್ಕೊಂದು ಕಚ್ಚಿಕೊಳ್ಳದಂತೆ ನಡುವೆ ತಗಡು ಅಥವಾ ದಪ್ಪ ಹಾಳೆ ಹಾಸುತ್ತಾರೆ.

ಮೇಸ್ತ್ರಿಗಳು ಎಡವುವುದು ಲೈನರ್ ಸುತ್ತಲಿನ ಜಾಗದಲ್ಲಿ. ಬಿಸಿಗೆ ಲೈನರ್ ಮೇಲಕ್ಕೆ ಹಿಗ್ಗುತ್ತದೆ. ಕಾಂಕ್ರೀಟನ್ನು ಅದಕ್ಕೆ ಒತ್ತಿ ಸುರಿದರೆ ಮೊದಲ ಚಳಿಗಾಲದಲ್ಲೇ ಲೈನರ್‌ನ ಮೂಲೆಗಳಿಂದ ಹೊರಟ ನಾಲ್ಕು ಸೀಳುಗಳು ಕ್ರೌನನ್ನು ದಾಟುತ್ತವೆ. ಸುತ್ತ ಬೆರಳಗಲ ಸಂದು ಬಿಟ್ಟು, ಫೋಮ್ ಹಗ್ಗ ತುರುಕಿ, ಮೇಲೆ ಬಿಸಿ ತಡೆಯುವ ಸಿಲಿಕೋನ್ ತುಂಬಬೇಕು. ಈ ಸಿಲಿಕೋನ್ ಶಾಶ್ವತವಲ್ಲ, ವರ್ಷದ ತಪಾಸಣೆಯಲ್ಲಿ ನೋಡಿ, ಬಿಟ್ಟುಕೊಂಡಾಗ ಬದಲಿಸಬೇಕಾದ ವಸ್ತು.

ಈಗಿರುವ ಕ್ರೌನ್ ಗಟ್ಟಿಯಾಗಿದ್ದು ಕೂದಲೆಳೆ ಸೀಳು ಮಾತ್ರ ಇದ್ದರೆ ಕೆಡವುವುದು ಬೇಡ. ಹಿಗ್ಗಿ ಕುಗ್ಗುವ ಕ್ರೌನ್ ಕೋಟಿಂಗ್ ಬ್ರಷ್‌ನಲ್ಲಿ ಎರಡು ಕೋಟ್ ಬಳಿದರೆ ಸಾಕು. ಕರಣೆಯ ಹಿಡಿಯಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ, ಸೀಳಿನಲ್ಲಿ ನಾಣ್ಯ ಇಳಿದರೆ, ಕೋಟಿಂಗ್ ದುಡ್ಡು ದಂಡ.

ಕೊಳವೆಯ ಬಾಯಿಯ ಮೇಲೆ ಕೂರುವ ಮುಚ್ಚಳ, ಅಂದರೆ ಕ್ಯಾಪ್, ಸ್ಟೇನ್‌ಲೆಸ್ ಸ್ಟೀಲಿನದಾಗಲಿ, ಸುತ್ತ ಜಾಲರಿ ಇರಲಿ. ಜಾಲರಿಯ ಕಣ್ಣು 12ರಿಂದ 16 ಮಿ.ಮೀ.; ಅದಕ್ಕಿಂತ ಸಣ್ಣದಾದರೆ ಚಳಿಗಾಲದಲ್ಲಿ ಕ್ರಿಯೋಸೋಟ್ ಮತ್ತು ಮಂಜು ಸೇರಿ ಮುಚ್ಚಿಕೊಳ್ಳುತ್ತದೆ, ಹೊಗೆ ಮನೆಯೊಳಗೆ ತಿರುಗುತ್ತದೆ.

ತಗಡಿನ ಕೆಲಸ ಎರಡು ಪದರದ್ದು. ಮಾಡಿನ ಹೆಂಚು ಅಥವಾ ಶಿಂಗಲ್‌ನ ಒಂದೊಂದು ಸಾಲಿಗೂ ಮೆಟ್ಟಿಲಿನಂತೆ ಒಂದೊಂದು ತುಂಡು, ಒಂದರ ಮೇಲೊಂದು ಕನಿಷ್ಠ 50 ಮಿ.ಮೀ. ಕವಿದಿರಬೇಕು. ಅದರ ಮೇಲೆ ಇನ್ನೊಂದು ತಗಡು; ಇದರ ತುದಿಯನ್ನು ಗಾರೆ ಸಂದಿನಲ್ಲಿ 25 ಮಿ.ಮೀ. ಆಳ ಕೊರೆದು ಮಡಿಚಿ ಸೇರಿಸಿರಬೇಕು. ಕೆಳಗಿನ ತಗಡನ್ನು ಮಾಡಿಗೆ, ಮೇಲಿನದನ್ನು ಚಿಮಣಿಗೆ, ಹೀಗೆ ಬೇರೆ ಬೇರೆ ಹಿಡಿಸಬೇಕು. ಮನೆ ಮತ್ತು ಚಿಮಣಿ ಒಂದೇ ಅಳತೆಯಲ್ಲಿ ಕುಸಿಯುವುದಿಲ್ಲ. ಒಂದೇ ತಗಡನ್ನು ಎರಡಕ್ಕೂ ಮೊಳೆ ಹೊಡೆದರೆ ಹರಿಯುತ್ತದೆ. ಡಾಂಬರು ಮೆತ್ತಿದ ತಗಡು ಕಂಡರೆ ಹಿಂದೆ ಯಾರೋ ಸೋರಿಕೆ ಪತ್ತೆಯಾಗದೆ ಕೈಚೆಲ್ಲಿದ್ದಾರೆ ಎಂದು ತಿಳಿಯಿರಿ. ಹಸಿ ಗಾರೆಯಲ್ಲಿ ಅಲ್ಯೂಮಿನಿಯಂ ಹುಗಿಯಬಾರದು, ಸಿಮೆಂಟಿನ ಕ್ಷಾರ ಅದನ್ನು ತಿನ್ನುತ್ತದೆ. ಸೀಸ, ತಾಮ್ರ ಅಥವಾ ಸ್ಟೇನ್‌ಲೆಸ್ ಆಗಬಹುದು.

ಚಿಮಣಿಯ ಹಿಂಬದಿ, ಅಂದರೆ ಮಾಡಿನ ಮೇಲಿನ ಇಳಿಜಾರಿನ ಕಡೆ, 75 ಸೆಂ.ಮೀ.ಗಿಂತ ಅಗಲ ಇದ್ದರೆ ಅಲ್ಲೊಂದು ಪುಟ್ಟ ಎರಡಿಳಿಜಾರು ಕಟ್ಟಿ ನೀರು ಮತ್ತು ಹಿಮವನ್ನು ಎರಡೂ ಪಕ್ಕಕ್ಕೆ ಸರಿಸಬೇಕು. ಇದಿಲ್ಲದ ಅಗಲ ಚಿಮಣಿಯ ಹಿಂದೆ ಹಿಮ ವಾರಗಟ್ಟಲೆ ಕೂರುತ್ತದೆ. ಕರಗಿದ ಮಧ್ಯಾಹ್ನ ಚಾವಣಿ ಒದ್ದೆಯಾಗುವುದು ಇಂಥ ಕಡೆಯೇ.

ಗಾರೆ

ಇಲ್ಲಿ ಸ್ವಲ್ಪ ನಿಲ್ಲಬೇಕು, ಒಳ್ಳೆಯ ಮನಸ್ಸಿನಿಂದ ಹೆಚ್ಚು ಹಾನಿ ಆಗುವುದು ಇಲ್ಲೇ. ಗಾರೆ ಗಟ್ಟಿಯಾದಷ್ಟೂ ಒಳ್ಳೆಯದು ಎಂಬ ನಂಬಿಕೆ ತಪ್ಪು. ಗಾರೆ ಇಟ್ಟಿಗೆಗಿಂತ ಮೆದುವಾಗಿರಬೇಕು, ಇಟ್ಟಿಗೆಗಿಂತ ಸುಲಭವಾಗಿ ನೀರನ್ನು ಆರಲು ಬಿಡಬೇಕು. ಆಗ ಚಲನೆ, ಉಪ್ಪು, ಹೆಪ್ಪಿನ ಪೆಟ್ಟು ಸಂದಿಗೆ ಬೀಳುತ್ತದೆ. ಸಂದನ್ನು ಕೆಲವು ದಶಕಕ್ಕೊಮ್ಮೆ ತೆಗೆದು ತುಂಬಬಹುದು. ಗಾರೆ ಗಟ್ಟಿಯಾಗಿ ಇಟ್ಟಿಗೆ ಮೆದುವಾದರೆ ನೀರು ಇಟ್ಟಿಗೆಯಿಂದಲೇ ಆರಬೇಕಾಗುತ್ತದೆ, ಪೆಟ್ಟು ತಿನ್ನುವುದೂ ಇಟ್ಟಿಗೆಯೇ. ಸಂದುಗಳು ಹೊಸದಾಗಿ ಎದ್ದು ನಿಂತು, ಅವುಗಳ ನಡುವೆ ಇಟ್ಟಿಗೆಗಳು ಕುಳಿಬಿದ್ದ ಚಿಮಣಿ ಎಲ್ಲಾದರೂ ಕಂಡರೆ ಅದು ಹೀಗೆ ಆದದ್ದು.

ಅಮೆರಿಕದ ಎಎಸ್‌ಟಿಎಂ ಸಿ270 ಮಾನದಂಡದಲ್ಲಿ ಗಾರೆಗೆ ಎಂ, ಎಸ್, ಎನ್, ಒ ಎಂಬ ಹೆಸರುಗಳಿವೆ, ಎಂ ಎಲ್ಲಕ್ಕಿಂತ ಗಟ್ಟಿ. ಇತ್ತೀಚಿನ ದಶಕಗಳ ಗಟ್ಟಿ ಇಟ್ಟಿಗೆಯ ಚಿಮಣಿಗೆ ಮಾಡಿನ ಮೇಲೆ ಟೈಪ್ ಎನ್ ಸಾಕು: ಗಾತ್ರದ ಲೆಕ್ಕದಲ್ಲಿ 1 ಪಾಲು ಪೋರ್ಟ್‌ಲ್ಯಾಂಡ್ ಸಿಮೆಂಟ್, 1 ಪಾಲು ಹೈಡ್ರೇಟೆಡ್ ಸುಣ್ಣ, 6 ಪಾಲು ಮರಳು. ನೂರು ವರ್ಷದ ಮೆದು ಇಟ್ಟಿಗೆಗೆ ಟೈಪ್ ಒ, ಅಂದರೆ 1:2:9, ಅಥವಾ ಶುದ್ಧ ಸುಣ್ಣದ ಗಾರೆ. ಸುಣ್ಣವೇ ಇಲ್ಲದ ಒಂದಕ್ಕೆ ಮೂರರ ಸಿಮೆಂಟ್ ಮಿಶ್ರಣ ಯಾವುದಕ್ಕೂ ಸಲ್ಲ. ಇಟ್ಟಿಗೆಯ ಮೂಲೆಯನ್ನು ಚಾಕುವಿನಿಂದ ಗೀರಿ ನೋಡಿ, ಪುಡಿ ಸುಲಭವಾಗಿ ಉದುರಿದರೆ ಅದು ಮೆದು ಜಾತಿ.

ಸಂದು ತುಂಬುವ ಕ್ರಮ ಹೀಗೆ. ಹಳೆಯ ಗಾರೆಯನ್ನು ಸಂದಿನ ದಪ್ಪದ ಎರಡರಿಂದ ಎರಡೂವರೆ ಪಟ್ಟು ಆಳಕ್ಕೆ ತೆಗೆಯಬೇಕು, 10 ಮಿ.ಮೀ. ಸಂದಿಗೆ 20ರಿಂದ 25 ಮಿ.ಮೀ. ಅಷ್ಟು ಆಳದಲ್ಲೂ ಪುಡಿಯಾಗುತ್ತಿದ್ದರೆ ಗಟ್ಟಿ ಸಿಗುವವರೆಗೆ. ಗ್ರೈಂಡರ್ ಅಡ್ಡ ಸಂದುಗಳ ಮಧ್ಯಕ್ಕೆ ಸರಿ. ನಿಂತ ಸಂದುಗಳನ್ನು ತೆಳು ಉಳಿ, ಸುತ್ತಿಗೆಯಲ್ಲೇ ತೆಗೆಯಬೇಕು, ಇಲ್ಲವಾದರೆ ಚಕ್ರ ಮೇಲಿನ ಮತ್ತು ಕೆಳಗಿನ ಇಟ್ಟಿಗೆಗೆ ಗೀರು ಹಾಕುತ್ತದೆ. ತೆಗೆದ ಜಾಗದ ತಳ ಚೌಕವಾಗಿರಬೇಕು, ಬೋಗುಣಿಯ ಆಕಾರ ಬಂದರೆ ಹೊಸ ಗಾರೆ ಹಿಡಿಯುವುದಿಲ್ಲ. ಧೂಳು ತೊಳೆದು, ಇಟ್ಟಿಗೆ ತೇವವಾಗಿದ್ದು ಮೇಲೆ ನೀರು ನಿಂತಿರದ ಹದದಲ್ಲಿ ಕೆಲಸ ಶುರು.

ಗಾರೆಯನ್ನು ಮೊದಲು ಅರೆನೀರಿನಲ್ಲಿ ಕಲಸಿ, ಮುಷ್ಟಿ ಕಟ್ಟಿದರೆ ಉಂಡೆ ನಿಲ್ಲುವಷ್ಟು ಮಾತ್ರ, ಒಂದು ಗಂಟೆ ಬಿಡುತ್ತಾರೆ. ಆಮೇಲೆ ಉಳಿದ ನೀರು ಸೇರಿಸಿ ಹದಕ್ಕೆ ತರುತ್ತಾರೆ. ಹೀಗೆ ಮಾಡಿದರೆ ಸಂದಿನೊಳಗೆ ಕುಗ್ಗಿ ಅಂಚು ಬಿಡುವುದು ಕಡಿಮೆ. ತುಂಬುವುದು ಒಂದೇ ಸಲಕ್ಕಲ್ಲ: ಆರು ಮಿ.ಮೀ. ಪದರ, ಒತ್ತಿ ಕೂರಿಸು, ಹೆಬ್ಬೆರಳು ಒತ್ತಿದರೆ ಗುರುತು ಮೂಡಿ ಗಾರೆ ಬೆರಳಿಗೆ ಅಂಟದಷ್ಟು ಬಿಗಿದ ಮೇಲೆ ಮುಂದಿನ ಪದರ. ಕೊನೆಯ ಪದರವೂ ಅದೇ ಹದಕ್ಕೆ ಬಂದಾಗ ದುಂಡು ಸಲಾಕೆಯಿಂದ ಎಳೆದು ಒಳಬಾಗಿಸಿ ಮುಗಿಸಬೇಕು. ಬೇಗ ಎಳೆದರೆ ಸಿಮೆಂಟ್ ಹಾಲು ಮೇಲೆ ಬಂದು ಪೊರೆ ಕಟ್ಟುತ್ತದೆ, ತಡವಾದರೆ ಸಂದು ಒತ್ತಿಕೊಳ್ಳುವುದಿಲ್ಲ. ಒಂದು ಚದರ ಮೀಟರ್ ಗೋಡೆಗೆ 4ರಿಂದ 5 ಲೀಟರ್ ಗಾರೆ ಹಿಡಿಯುತ್ತದೆ; ಅದಕ್ಕೆ ತಕ್ಕಷ್ಟೇ ಕಲಸಿಕೊಳ್ಳಿ, ಬಿಗಿದ ಗಾರೆಗೆ ಮತ್ತೆ ನೀರು ಹಾಕಿ ಬಳಸುವುದು ಬೇಡ. ಆಮೇಲೆ ಮೂರು ದಿನ ಒದ್ದೆ ಗೋಣಿತಾಟು ಇಳಿಬಿಟ್ಟು ನೋಡಿಕೊಳ್ಳಬೇಕು.

ಹವೆ 5 ಡಿಗ್ರಿಗಿಂತ ಕೆಳಗಿದ್ದರೆ ಈ ಕೆಲಸ ನಿಲ್ಲಬೇಕು. ಮಾಡಿ ಮುಗಿಸಿದ ಮೇಲೂ ಎರಡು ರಾತ್ರಿ ಹೆಪ್ಪುಗಟ್ಟದಂತೆ ಕಾಯಬೇಕು. "ಆ್ಯಂಟಿಫ್ರೀಜ್ ಹಾಕುತ್ತೇವೆ" ಎನ್ನುವವರಿಗೆ ಬೇಡ ಎನ್ನಿ. ಆ ಹೆಸರಿನಲ್ಲಿ ಬರುವುದು ಬಹಳ ಸಲ ಕ್ಯಾಲ್ಸಿಯಂ ಕ್ಲೋರೈಡ್. ಅದು ತಗಡನ್ನು ತುಕ್ಕು ಹಿಡಿಸುತ್ತದೆ, ಇಟ್ಟಿಗೆಗೆ ಇನ್ನಷ್ಟು ಉಪ್ಪು ಸೇರಿಸುತ್ತದೆ.

ಮುಖ ಕಳಚಿದ ಇಟ್ಟಿಗೆಯನ್ನು ಗಾರೆ ಮೆತ್ತಿ ಮುಚ್ಚುವುದು ಬೇಡ, ಒಂದೊಂದಾಗಿ ಬಿಡಿಸಿ ಬದಲಿಸಿ. ಕಾಲು ಭಾಗಕ್ಕಿಂತ ಹೆಚ್ಚು ಇಟ್ಟಿಗೆ ಹೋಗಿದ್ದರೆ ಮಾಡಿನ ಮಟ್ಟದಿಂದ ಮೇಲೆ ಕೆಡವಿ ಹೊಸದಾಗಿ ಕಟ್ಟುವುದೇ ಲಾಭ, ಬಿಡಿಬಿಡಿಯಾಗಿ ಬದಲಿಸುವ ಕೂಲಿ ಅದನ್ನು ಮೀರುತ್ತದೆ. ಹೊಸ ಇಟ್ಟಿಗೆ ತೀವ್ರ ಹವೆಗೆ ತಕ್ಕದ್ದು ಎಂದು ದರ್ಜೆ ಕೊಟ್ಟಿರುವುದೇ ಆಗಬೇಕು. ಎಎಸ್‌ಟಿಎಂನಲ್ಲಿ ಇದಕ್ಕೆ ಎಸ್‌ಡಬ್ಲ್ಯು ಎಂಬ ಗುರುತಿದೆ. ಹಳೆ ಕಟ್ಟಡ ಕೆಡವಿ ತಂದ ಇಟ್ಟಿಗೆ ಬಣ್ಣ ಹೊಂದುತ್ತದೆಂದು ಆಸೆಪಡಬೇಡಿ. ಅದರಲ್ಲಿ ಒಳಗೋಡೆಯ, ಸರಿಯಾಗಿ ಬೇಯದ ಇಟ್ಟಿಗೆಯೂ ಬೆರೆತಿರುತ್ತದೆ.

ಇಷ್ಟೆಲ್ಲ ಮುಗಿದು ಒಂದು ತಿಂಗಳು ಕಳೆದ ಮೇಲೆ, ಬೇಕಿದ್ದರೆ, ಸಿಲೇನ್ ಅಥವಾ ಸಿಲೋಕ್ಸೇನ್ ದ್ರವ ಸಿಂಪಡಿಸಬಹುದು. ಇದು ರಂಧ್ರ ಮುಚ್ಚುವುದಿಲ್ಲ, ರಂಧ್ರದ ಗೋಡೆಗೆ ನೀರು ಅಂಟದಂತೆ ಮಾಡುತ್ತದೆ. ಮಳೆ ಜಾರುತ್ತದೆ, ಆವಿ ಹೊರಬರುತ್ತದೆ. ಸಿಂಪಡಿಸುವುದು ಕೆಳಗಿನಿಂದ ಮೇಲಕ್ಕೆ. ಒಡೆದ ಕ್ರೌನ್, ಹರಿದ ತಗಡು ಹಾಗೇ ಬಿಟ್ಟು ಇದನ್ನು ಹೊಡೆಸಿದರೆ ಏನೂ ಪ್ರಯೋಜನವಿಲ್ಲ. ಬಿಳಿ ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ಆ್ಯಸಿಡ್ ಬೇಡ, ಮರಳು ಊದುವ ಯಂತ್ರ ಬೇಡ. ಸುಟ್ಟ ಇಟ್ಟಿಗೆಯ ಗಟ್ಟಿ ಹೊರಪದರ ಹೋದರೆ ಮತ್ತೆ ಬರುವುದಿಲ್ಲ.

ಒಳಗಿನ ಕೊಳವೆ

ಕ್ಯಾಮೆರಾದಲ್ಲಿ ಲೈನರ್ ಒಡೆದದ್ದು ಖಚಿತವಾದರೆ ಸೌದೆ ಒಲೆಗೆ ಸ್ಟೇನ್‌ಲೆಸ್ ಲೈನರ್ ಇಳಿಸುವುದು ವಾಡಿಕೆ. ಯಾವುದೋ ಸ್ಟೇನ್‌ಲೆಸ್ ಅಲ್ಲ, 316 ದರ್ಜೆ ಕೇಳಿ. ಅದರಲ್ಲಿರುವ ಮೊಲಿಬ್ಡಿನಂ ಆಮ್ಲಕ್ಕೆ ಹೆಚ್ಚು ತಡೆಯುತ್ತದೆ.

ಅಳತೆಯೇ ಮುಖ್ಯ. ಎನ್‌ಎಫ್‌ಪಿಎ 211ರ ಪ್ರಕಾರ, ಹೊರಗೋಡೆಯಲ್ಲಿ ಚಳಿಗೆ ತೆರೆದುಕೊಂಡ ಚಿಮಣಿಯಾದರೆ ಕೊಳವೆಯ ಅಡ್ಡಕೊಯ್ತ ಒಲೆಯ ಹೊಗೆಬಾಯಿಯ ಎರಡರಷ್ಟನ್ನು ಮೀರಬಾರದು, ಮನೆಯೊಳಗಿನ ಚಿಮಣಿಯಾದರೆ ಮೂರರಷ್ಟನ್ನು. ನಿಮ್ಮ ಒಲೆಯ ಬಾಯಿ 150 ಮಿ.ಮೀ. ವ್ಯಾಸದ್ದಿದ್ದರೆ ವಿಸ್ತೀರ್ಣ ಸುಮಾರು 177 ಚದರ ಸೆಂ.ಮೀ. ಹಳೆಯ ಮಣ್ಣಿನ ಕೊಳವೆ ಒಳಗೆ 20x30 ಸೆಂ.ಮೀ. ಇದ್ದರೆ 600 ಚದರ ಸೆಂ.ಮೀ., ಅಂದರೆ ಮೂರೂಕಾಲು ಪಟ್ಟಿಗೂ ಹೆಚ್ಚು. ಇಷ್ಟು ಅಗಲದಲ್ಲಿ ಹೊಗೆ ನಿಧಾನವಾಗಿ ಏರುತ್ತದೆ, ತುದಿ ತಲುಪುವ ಮೊದಲೇ ತಣಿಯುತ್ತದೆ. 120 ಡಿಗ್ರಿಗಿಂತ ಕೆಳಗಿಳಿದರೆ ಕ್ರಿಯೋಸೋಟ್ ಗೋಡೆಗೆ ಕೂರಲು ಶುರು, ಇನ್ನೂ ತಣಿದರೆ ಆವಿಯೂ ನೀರಾಗುತ್ತದೆ. ಮಳೆಯಿಲ್ಲದ ದಿನದ ಒದ್ದೆಗೆ ಇದು ಕಾರಣವಾಗಿರುವ ಸಾಧ್ಯತೆ ಬಹಳ. ಹಾಗಿದ್ದಲ್ಲಿ ಹೊರಗೆ ಎಷ್ಟು ಚೆಂದ ರಿಪೇರಿ ಮಾಡಿಸಿದರೂ ಒಳಗಿನಿಂದ ಇಟ್ಟಿಗೆ ನೆನೆಯುತ್ತಲೇ ಇರುತ್ತದೆ.

ಹೊರಗೋಡೆಯ ಚಿಮಣಿಗೆ ಉಷ್ಣನಿರೋಧಕ ಸುತ್ತಿದ ಲೈನರನ್ನೇ ಹಾಕಿಸಿ. ಆದರೆ ಸೆರಾಮಿಕ್ ಕಂಬಳಿ 12 ಮಿ.ಮೀ. ದಪ್ಪ ಸುತ್ತಿದರೆ 150ರ ಲೈನರ್ ಸುಮಾರು 175 ಆಗುತ್ತದೆ. ಹಳೆಯ ಕೊಳವೆಯ ಒಳ ಅಳತೆ 170 ಇದ್ದರೆ ಇಳಿಯುವುದೇ ಇಲ್ಲ. ಆಗ ಮಣ್ಣಿನ ತುಂಡುಗಳನ್ನು ಒಡೆದು ತೆಗೆಯಬೇಕು, ಅಥವಾ ಅಂಡಾಕಾರದ ಲೈನರ್ ಬೇಕು. ಜಾಗ ಸಾಲದೆಂದು ಕಂಬಳಿ ಬಿಟ್ಟು ಬರೀ ಕೊಳವೆ ಇಳಿಸುವವರಿದ್ದಾರೆ. ಹೊಗೆ ಮತ್ತೆ ತಣಿಯುತ್ತದೆ, ಅದಕ್ಕಿಂತ ಹೆಚ್ಚಾಗಿ ಮರಮುಟ್ಟಿನ ಅಂತರ ಸಾಲದ ಹಳೆಯ ಮನೆಗಳಲ್ಲಿ ಅದು ಬೆಂಕಿಯ ಅಪಾಯ. ಇಟ್ಟಿಗೆಯ ಹೊರಮುಖದಿಂದ ಮರಕ್ಕೆ ಹೊರಗೋಡೆಯ ಚಿಮಣಿಯಲ್ಲಿ 25 ಮಿ.ಮೀ., ಮನೆಯೊಳಗಿನ ಚಿಮಣಿಯಲ್ಲಿ 50 ಮಿ.ಮೀ. ಖಾಲಿ ಅಂತರ ಬೇಕು. ಅಟ್ಟದಲ್ಲಿ ಟಾರ್ಚ್ ಬಿಟ್ಟು ನೋಡಿದರೆ ತೊಲೆಗಳು ಇಟ್ಟಿಗೆಗೆ ಒರಗಿಕೊಂಡೇ ಇರುವುದು ಅಪರೂಪವಲ್ಲ.

ಈ ಒಂದೂವರೆ ತಿಂಗಳಲ್ಲಿ ಏನು

ಈ ವಾರವೇ ಮಸಿ ತೆಗೆಸಿ ಕ್ಯಾಮೆರಾ ಇಳಿಸಿ. ಲೈನರ್ ಹಾಕುವುದು ಒಣ ಕೆಲಸ, ಕಂಬಳಿ ಸುತ್ತಿದ್ದಾದರೆ ಚಳಿಯಲ್ಲೂ ಆಗುತ್ತದೆ. ಹಾಗಾಗಿ ಹಣವಿದ್ದಷ್ಟು ಮೊದಲು ಅದಕ್ಕೆ ಇಡಿ. ವಸಂತದಲ್ಲಿ ಮೇಲ್ಭಾಗ ಕೆಡವಿ ಕಟ್ಟುವ ಅಂದಾಜಿದ್ದರೆ ಅದನ್ನು ಈಗಲೇ ಹೇಳಿ, ಲೈನರನ್ನು ಚಿಮಣಿಯ ತುದಿಯಲ್ಲಿ ಹಿಡಿದಿಡುವ ಪ್ಲೇಟನ್ನು ಬಿಚ್ಚಿ ಮತ್ತೆ ಕೂರಿಸುವಂತೆ ಹಾಕಿಸಿ. ಕ್ಯಾಪ್ ಮತ್ತು ತಗಡು ಕೂಡ ಈಗಲೇ ಆಗುತ್ತವೆ. ಹಗಲು 10 ಡಿಗ್ರಿ ಮುಟ್ಟುವ ಒಣ ದಿನಗಳು ಎರಡು ಮೂರು ಒಟ್ಟಿಗೆ ಸಿಕ್ಕರೆ ಕ್ರೌನ್‌ಗೆ ಕೋಟಿಂಗ್ ಬಳಿಸಿ. ಪೊಳ್ಳು ಕ್ರೌನ್ ಆದರೂ ಸರಿ, ಒಂದು ಚಳಿಗಾಲ ದೂಡಲು ಆ ದುಡ್ಡು ದಂಡವಲ್ಲ. ಸಡಿಲ ಇಟ್ಟಿಗೆ ಇಳಿಸಿ, ಉಳಿದದ್ದಕ್ಕೆ ಬಲೆ ಬಿಗಿಸಿ. ಸಂದು ತುಂಬುವುದು, ಕಟ್ಟುವುದು ವಸಂತ ಬರುವವರೆಗೆ ನಿಲ್ಲಲಿ. ಟಾರ್ಪಾಲಿನ್ ಗುಡಾರ ಕಟ್ಟಿ ಒಳಗೆ ಹೀಟರ್ ಇಟ್ಟು ಚಳಿಯಲ್ಲೂ ಗಾರೆ ಕೆಲಸ ಮಾಡುವವರಿದ್ದಾರೆ, ಸರಿಯಾಗಿ ಮಾಡಿದರೆ ಬಾಳುತ್ತದೆ, ಆದರೆ ಕಾಯಬಹುದಾದ ಕೆಲಸಕ್ಕೆ ಅಷ್ಟು ಖರ್ಚು ಏಕೆ?

ಲೈನರ್ ಬಂದು ಒಲೆ ಹಚ್ಚಿದ ಮೇಲೆ ಸೌದೆಯ ತೇವ ಶೇ. 20ರೊಳಗೆ ಇರಲಿ, ತೇವ ಅಳೆಯುವ ಮೀಟರನ್ನು ಆಗಷ್ಟೇ ಸೀಳಿದ ಮುಖಕ್ಕೆ ಚುಚ್ಚಿ ನೋಡಬೇಕು. ರಾತ್ರಿಯಿಡೀ ಗಾಳಿ ಬಿಗಿದು ಹೊಗೆಯಾಡಿಸುವುದನ್ನು ಬಿಡಿ. ಮಲಗುವ ಕೋಣೆಯ ಹತ್ತಿರ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು.

ಕೆಲಸದವರ ದರಪಟ್ಟಿಯಲ್ಲಿ "ಚಿಮಣಿ ರಿಪೇರಿ" ಎಂದು ಒಂದೇ ಸಾಲಿದ್ದರೆ ಸಹಿ ಹಾಕಬೇಡಿ. ಗಾರೆಯ ಪಾಲು ಎಷ್ಟು, ಸಂದು ಎಷ್ಟು ಆಳ, ಎಷ್ಟು ಇಟ್ಟಿಗೆ ಬದಲು, ಕ್ರೌನ್‌ನ ದಪ್ಪ ಮತ್ತು ಚಾಚು, ತಗಡು ಯಾವ ಲೋಹ, ಲೈನರ್‌ನ ದರ್ಜೆ ಮತ್ತು ವ್ಯಾಸ, ಕಂಬಳಿ ಇದೆಯೋ ಇಲ್ಲವೋ, ಇಷ್ಟೂ ಬರಹದಲ್ಲಿ ಇರಲಿ. ಸಂದು ಕೊರೆದ ಮೇಲೆ, ತುಂಬುವ ಮುಂಚೆ, ಅಳತೆಪಟ್ಟಿ ಇಟ್ಟ ಫೋಟೊ ಕೇಳಿ, ಐದು ಮಿ.ಮೀ. ಕೆರೆದು ಮೇಲೆ ಗಾರೆ ಸವರಿದ ಕೆಲಸ ಹೊಸದರಲ್ಲಿ ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ, ಎರಡನೆಯ ಚಳಿಗಾಲಕ್ಕೆ ಪಟ್ಟಿಪಟ್ಟಿಯಾಗಿ ಬೀಳುತ್ತದೆ. ಗಾರೆ ಚೆನ್ನಾಗಿ ಬಿಗಿದ ಮೇಲೆ, ಅಟ್ಟಣಿಗೆ ಬಿಚ್ಚುವ ಮೊದಲು, ಅದೇ ಪೈಪ್ ಪರೀಕ್ಷೆಯನ್ನು ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಮಾಡಿಸಿ, ಕೊನೆಯ ಕಂತಿನ ಹಣ ಆಮೇಲೆ ಕೊಡಿ.